ಮೊಗಲಾಯಿಯಲ್ಲಿ ಮೊನೆ ಮುರಿದ ಗಾಳ

ತುಂಗಭದ್ರೆಯ ಆಚೆ ದಂಡೆ

ಪರದೇಶ ಪ್ರವಾಸವೆಂದರೆ ಹಡಗು, ಹಿಮ, ಬಿಳಿಯ ಜನ ಎಂದು ಓದುಗರು ಎಣಿಸಿದ್ದರೆ ಕ್ಷಮಿಸಬೇಕು. ನಾನು ಹೋದ ಪರದೇಶಕ್ಕೆ ಹರಿಗೋಲಿನಲ್ಲಿ ಹೋಗಬಹುದು. ಬಳ್ಳಾರಿಯಿಂದ ಸಿರುಗುಪ್ಪೆ ದಾಟಿ ತುಂಗಭದ್ರೆಯ ದಂಡೆಯಲ್ಲಿ ನಿಂತರೆ ಆಚೆ ಕಾಣುವ ನೆಲ ನಿಜಾಮರದು. ನಮ್ಮವರು ಅದಕ್ಕೆ ಮೊಗಲಾಯಿ ಎನ್ನುತ್ತಾರೆ. ಅಲ್ಲಿ ನಾಣ್ಯ ಬೇರೆ, ಕಚೇರಿಯ ಭಾಷೆ ಬೇರೆ, ವರ್ಷದ ಎಣಿಕೆಯೂ ಬೇರೆ. ಜನ ಆಡುವ ಕನ್ನಡ ಮಾತ್ರ ನನ್ನ ಅಜ್ಜಿಯದೇ.

ಹೋದದ್ದು ಮಗಳನ್ನು ಕರೆತರಲು. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಲು ನಾಲಗೆ ಏಳುವುದಿಲ್ಲ. ಎರಡು ವರ್ಷದ ಹಿಂದೆ ನನ್ನ ಹೆಂಡತಿ ಗೌರವ್ವನಿಗೆ ಹೊಟ್ಟೆಯಲ್ಲಿ ಬೇನೆ ಬಂತು. ಕೊಯ್ದು ನೋಡಬೇಕು, ಉಳಿದರೂ ಉಳಿಯಬಹುದು, ಹೋದರೂ ಹೋಗಬಹುದು, ಗಂಡನಾದವನು ಒಪ್ಪಿಗೆ ಕೊಡಬೇಕು ಎಂದರು ಡಾಕ್ಟರು. ಇನ್ನೊಂದು ದಿನ ನೋಡೋಣ ಎಂದೆ. ಮರುದಿನವೂ ಹಾಗೇ ಎಂದೆ. ಮೂರನೆಯ ದಿನ ನನ್ನ ಒಪ್ಪಿಗೆ ಯಾರಿಗೂ ಬೇಕಾಗಲಿಲ್ಲ. ಆಗ ಆರು ವರ್ಷದವಳಾಗಿದ್ದ ನೀಲಾಳನ್ನು ಲಿಂಗಸುಗೂರಿನ ಅವಳ ಸೋದರಮಾವನ ಮನೆಯಲ್ಲಿ ಬಿಟ್ಟು ಬಂದೆ. ಅವಳ ಒಳ್ಳೆಯದಕ್ಕೇ ಎಂದು ಎಲ್ಲರಿಗೂ ಹೇಳಿದೆ. ನಾನು ಶಾಲೆಯ ಮಾಸ್ತರ; ಈ ಕ್ರಿಸ್ಮಸ್ ರಜೆಯಲ್ಲಾದರೂ ಅವಳನ್ನು ಬಾ ಎಂದು ಕರೆಯಬೇಕೆಂದು ಹೊರಟೆ.

ಸೋದರಮಾವ ಎಂದರೆ ಬಸಲಿಂಗಪ್ಪ, ಗೌರವ್ವನ ಅಣ್ಣ. ಹಿಂದೆ ಹಟ್ಟಿಯ ಬಂಗಾರದ ಗಣಿಯ ಉಗ್ರಾಣದಲ್ಲಿ ಗುಮಾಸ್ತನಾಗಿದ್ದವನು. ಅಲ್ಲಿಯ ಒಬ್ಬ ಸಾಹೇಬ ಇವನಿಗೆ ನೊಣದ ಗಾಳ ಹಾಕುವುದನ್ನು ಕಲಿಸಿದ್ದ. ಎರೆಹುಳ ಚುಚ್ಚುವುದಲ್ಲ, ಗರಿ ಮತ್ತು ನೂಲಿನಿಂದ ಗಾಳದ ಮೇಲೆ ಸುಳ್ಳು ನೊಣ ಕಟ್ಟಿ, ಅದನ್ನು ನೀರಿನ ಮೇಲೆ ಹಾರಿಸಿ ಮೀನನ್ನು ಕರೆಯುವುದು. ‘ಬರ್ರಿ, ನಿಮಗೂ ಕಲಸ್ತೀನಿ. ಬರೂವಾಗ ಬಳ್ಳಾರಿ ದಂಡಿನ ಕ್ಯಾಂಪಿನ ಅಂಗಡ್ಯಾಗ ಸಣ್ಣ ಗಾಳ, ಕೋಳಿ ಗರಿ, ಕೆಂಪ ರೇಶಿಮಿ ದಾರ ತರ್ರಿ’ ಎಂದು ಬರೆದಿದ್ದ. ಲಿಂಗ ಕಟ್ಟಿದ ಮನುಷ್ಯನಿಗೆ ಮೀನಿನ ಗೊಡವೆ ಏಕೆಂದು ನನಗೆ ತಿಳಿಯಲಿಲ್ಲ. ಆದರೂ ಕೊಂಡು ಗಂಟು ಕಟ್ಟಿದೆ.

ಆಚೆ ದಂಡೆಯಲ್ಲಿ ಸುಂಕದ ನಾಕೆ. ಮುದುಕ ಮುನ್ಶಿಯೊಬ್ಬ ಹುಕ್ಕಾದ ನಳಿಕೆಯನ್ನು ಬಾಯಿಂದ ತೆಗೆಯದೆ ನನ್ನ ಗಂಟು ಬಿಚ್ಚಿಸಿದ.

“ಕೋಳಿ ಪುಕ್ಕ, ಕೆಂಪ ದಾರ, ಕಬ್ಬಣದ ಮುಳ್ಳು. ಲಿಂಬಿಹಣ್ಣ ಒಂದ ಕಮ್ಮಿ ಅದ ನೋಡ್ರಿ,” ಎಂದ. “ಯಾರ ಮ್ಯಾಲ ಮಾಟ ಮಾಡ್ಸಾಕ ಹೊಂಟೀರಿ?”

ಸುತ್ತ ನಿಂತ ನಾಲ್ಕು ಜನ ನನ್ನತ್ತ ತಿರುಗಿದರು.

“ಇದು ನನ್ನದಲ್ರೀ. ಹರಿಗೋಲಿನಾಗ ಯಾರೋ ಬಿಟ್ಟು ಹೋಗ್ಯಾರ,” ಎಂದೆ.

ಮುನ್ಶಿ ನಳಿಕೆಯನ್ನು ಬಾಯಿಂದ ತೆಗೆದ. ವಾರಸುದಾರರಿಲ್ಲದ ಸಾಮಾನು ಎಂದು ಉರ್ದುವಿನಲ್ಲಿ ಏನೋ ಗೀಚಿ ಗಂಟನ್ನು ಅಟ್ಟದ ಮೇಲೆ ಎಸೆದ. ಹೊರಗೆ ಬಂದ ಮೇಲೆ ಹರಿಗೋಲಿನ ಅಂಬಿಗ ಮೆಲ್ಲಗೆ ಹೇಳಿದ: “ಅಂವ ಚಾಷ್ಟಿ ಮಾಡಾಕತ್ತಿದ್ದ ಮಾಸ್ತರ್ರ. ನಂದು ಅಂದಿದ್ರ ನಕ್ಕೊಂತ ಕೊಟ್ಟು ಕಳಸ್ತಿದ್ದ.” ಅಂಜಿದವನ ಮೇಲೆ ಕಪ್ಪೆ ಎಸೆದರೆಂಬ ಗಾದೆ ಇದೆಯಲ್ಲ, ನನ್ನ ವಿಷಯದಲ್ಲಿ ಕಪ್ಪೆ ಎಸೆಯುವ ತೊಂದರೆಯನ್ನೂ ಯಾರೂ ತೆಗೆದುಕೊಳ್ಳಬೇಕಿಲ್ಲ.

ಸಿಂಧನೂರು

ಸಿಂಧನೂರಿನವರೆಗೆ ಎತ್ತಿನ ಗಾಡಿ, ಅಲ್ಲಿಂದ ಮುಂದೆ ಮೋಟಾರು. ಯುದ್ಧದ ಕಾಲವಾದ್ದರಿಂದ ಪೆಟ್ರೋಲು ಇಲ್ಲ. ಹಿಂದೆ ಒಲೆಯಂಥದೊಂದನ್ನು ಕಟ್ಟಿಕೊಂಡು ಇದ್ದಿಲ ಹೊಗೆಯಿಂದ ಓಡುವ ಬಸ್ಸು. ಅದು ಹೊರಡುವುದು ಒಲೆ ಹತ್ತಿದಾಗ. ಒಲೆ ಹತ್ತುವುದು ಚಾಲಕನ ಊಟ ಮುಗಿದಾಗ. ನಮ್ಮ ಬಳ್ಳಾರಿಯಲ್ಲಿ ಇಷ್ಟು ಹೊತ್ತಿಗೆ ನಾಲ್ಕು ಜನ ಗಡಿಯಾರ ತೆಗೆದು ಜಗಳ ಆರಂಭಿಸಿರುತ್ತಿದ್ದರು. ಇಲ್ಲಿ ಎಲ್ಲರೂ ಬೇವಿನ ಮರದ ಕೆಳಗೆ ಕುಳಿತು, ಬಸ್ಸೆಂಬುದು ತಮಗೆ ಸಂಬಂಧವಿಲ್ಲದ್ದು ಎಂಬಂತೆ ಜೋಳದ ಬೆಳೆಯ ಮಾತಾಡುತ್ತಿದ್ದರು. ಕಣ್ಣು ಹಾಯುವವರೆಗೆ ಕಪ್ಪು ನೆಲ, ಅದರ ಮೇಲೆ ಆಳೆತ್ತರದ ಬಿಳಿಜೋಳ.

ಖಾನಾವಳಿಯ ಯಜಮಾನಿ ರೊಟ್ಟಿಯ ಮೇಲೆ ಗುರೆಳ್ಳ ಚಟ್ನಿ ಸುರಿದು, ಕೇಳದೆ ಎರಡನೆಯ ರೊಟ್ಟಿ ಹಾಕಿ, ನನ್ನ ಎದುರಿಗೇ ಕುಳಿತಳು. ಈ ಸೀಮೆಯಲ್ಲಿ ಅನ್ನ ಹಾಕಿದವರಿಗೆ ನಮ್ಮ ಇಡೀ ಚರಿತ್ರೆ ಕೇಳುವ ಹಕ್ಕಿದೆ.

“ಯಾವ ಸರಕಾರದವ್ರು ನೀವು?”

“ಇಂಗ್ರೇಜಿ. ಬಳ್ಳಾರಿ.”

“ಎಲ್ಲಿಗಿ ಹೊಂಟೀರಿ?”

“ಲಿಂಗಸುಗೂರಿಗಿ. ಮಗಳನ್ನ ಕರಕೊಂಡ ಬರಾಕ.”

“ಎಷ್ಟ ದಿನ ಆತ್ರೀ ಬಿಟ್ಟು?”

“ಎರಡು ವರ್ಷ. ಅಕೀ ಒಳ್ಳೇದಕ್ಕ ಬಿಟ್ಟದ್ದು.”

ಅವಳು ಮೂರನೆಯ ರೊಟ್ಟಿ ಹಾಕಿ ಎದ್ದು ಹೋದಳು. ಅದನ್ನು ತಿನ್ನಲು ನನ್ನಿಂದಾಗಲಿಲ್ಲ.

ಮಸ್ಕಿ

ಮಸ್ಕಿಯಲ್ಲಿ ಬಸಲಿಂಗಪ್ಪ ತನ್ನ ಗಾಡಿ ಕಟ್ಟಿಕೊಂಡು ಬಂದು ಕಾಯುತ್ತಿದ್ದ. ಐವತ್ತು ದಾಟಿದೆ, ಹಣೆಯ ತುಂಬ ವಿಭೂತಿ, ಹೆಗಲ ಮೇಲೆ ಬಟ್ಟೆಯ ಚೀಲದಲ್ಲಿ ಮೂರು ತುಂಡಾಗಿ ಬಿಚ್ಚಿಟ್ಟ ಬಿದಿರ ಕೋಲು. ಹಿಂದೆ ಗಣಿ ಮುಚ್ಚಿದಾಗ ಊರಿಗೆ ಹೋಗುತ್ತ ಸಾಹೇಬ ಕೊಟ್ಟದ್ದು.

“ಗಂಟು ಎಲ್ಲದ?” ಎಂದ.

“ನಾಕಾದವರು ಕಸಕೊಂಡ್ರು,” ಎಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ನಾನೇ ನಂಬಿದೆ.

“ಹೋಗ್ಲಿ ಬಿಡ್ರಿ. ಹಳೇವು ಹತ್ತ ಅದಾವ,” ಎಂದು ಅಂಗಿಯ ಕಿಸೆಯಿಂದ ತಗಡಿನ ಡಬ್ಬಿ ತೆಗೆದು ತೋರಿಸಿದ.

ಮಸ್ಕಿಯಲ್ಲಿ ಹಳೆಯ ಕಾಲದ ರಾಜನೊಬ್ಬನ ಬರಹವಿರುವ ಬಂಡೆ ಇದೆ. ಊರಿನವರು ಅದರ ನೆರಳಿನಲ್ಲಿ ಕುರಿ ಕೂಡಿಹಾಕುತ್ತಾರೆ. ಅದನ್ನು ನೋಡಬೇಕೆಂದೆ. ಬಸಲಿಂಗಪ್ಪ ನನ್ನನ್ನು ಕರೆದುಕೊಂಡು ಹೋದದ್ದು ಮಾತ್ರ ಹಿರೇಹಳ್ಳಕ್ಕೆ. ಮಳೆಗಾಲದ ನೀರು ಇಳಿದು ಹೋಗಿ ಬರಿಯ ಮರಳು ಉಳಿದಿತ್ತು. ಅಲ್ಲಿ ಕೋಲು ಜೋಡಿಸಿ ನನ್ನ ಕೈಗೆ ಕೊಟ್ಟ.

“ನೀರ ಎಲ್ಲದ?” ಎಂದೆ.

“ಮೊದಲ ಮಳಲಾಗ ಬರ್ಲಿ. ನೀರಾಗ ಆಮ್ಯಾಲ.”

ವಿದ್ಯೆ ಕೇಳಲು ಸುಲಭ. ಕೋಲನ್ನು ಮೇಲೆತ್ತಿ ದಾರವನ್ನು ಬೆನ್ನ ಹಿಂದಕ್ಕೆ ಹಾರಿಸಬೇಕು. ಅದು ಹಿಂದೆ ನೆಟ್ಟಗೆ ಚಾಚಿಕೊಳ್ಳುವವರೆಗೆ, ಒಂದು ಉಸಿರಿನಷ್ಟು ಹೊತ್ತು, ಸುಮ್ಮನೆ ನಿಲ್ಲಬೇಕು. ಆಮೇಲೆ ಮುಂದಕ್ಕೆ. ಆ ಒಂದು ಉಸಿರು ನನ್ನಿಂದ ನಿಲ್ಲಲಾಗಲಿಲ್ಲ. ಬೆನ್ನ ಹಿಂದೆ ದಾರ ಏನಾಯಿತೋ, ಮುಳ್ಳುಜಾಲಿಗೆ ಸಿಕ್ಕಿತೋ ಎಂದು ಹೆದರಿ ಅದು ಪೂರ್ತಿ ಹೋಗುವ ಮೊದಲೇ ಮುಂದಕ್ಕೆ ಎಳೆಯುತ್ತಿದ್ದೆ. ಬಾರುಕೋಲಿನ ಹಾಗೆ ಚಟ್ ಎನ್ನುವುದು, ತುದಿಯ ನೊಣ ಕಿತ್ತು ಎಲ್ಲಿಯೋ ಹಾರುವುದು. ಹೀಗೆ ಹತ್ತರಲ್ಲಿ ಐದು ಹೋದವು.

“ನಿಮಗ ಬಿಡಾಕ ಅಂಜಿಕಿ,” ಎಂದ ಬಸಲಿಂಗಪ್ಪ. “ಕಣ್ಣಿಗಿ ಕಾಣ್ಸಲಾರದ್ದನ್ನ ಒಂದ ಚಣಾ ನಂಬಾಕ ಆಗವಲ್ದು.”

ಹೊಲದಿಂದ ಬರುತ್ತಿದ್ದ ಮುದುಕಿಯೊಬ್ಬಳು ಬುಟ್ಟಿ ಇಳಿಸಿ ನಿಂತಳು. “ಬಸಲಿಂಗಪ್ಪಾ, ನೀರಿಲ್ಲದ ಹಳ್ಳದಾಗ ಯಾವ ಮೀನ ಹಿಡಿಯಾಕತ್ತಾನೋ ಈ ಪುಣ್ಯಾತ್ಮ?” ಎಂದಳು. “ಇಂಗ್ರೇಜಿ ಸೀಮಿ ಮಾಸ್ತರ ಬೇ,” ಎಂದ ಅವನು. ಅದರಿಂದ ಎಲ್ಲವೂ ತಿಳಿಯಿತೆಂಬಂತೆ ತಲೆ ಆಡಿಸಿ ಹೋದಳು.

ಉಳಿದ ಐದನ್ನು ಡಬ್ಬಿಗೆ ಹಾಕುವಾಗ ಬೆರಳಿಗೆ ಚುಚ್ಚೀತೆಂದು ಒಂದನ್ನು ನಾಜೂಕಾಗಿ ಹಿಡಿದೆ. ಚುಚ್ಚಲಿಲ್ಲ. ನೋಡಿದರೆ ಗಾಳಕ್ಕೆ ಮೊನೆಯೇ ಇಲ್ಲ. ಇನ್ನೊಂದಕ್ಕೂ ಇಲ್ಲ. ಇಕ್ಕಳದಿಂದ ಚಿವುಟಿ ಮುರಿದದ್ದು.

“ನಾವು ಲಿಂಗವಂತರು,” ಎಂದ ಬಸಲಿಂಗಪ್ಪ. “ಜೀವಕ್ಕ ಹಿಂಸಾ ಮಾಡಬಾರ್ದು. ಮೀನ ಮ್ಯಾಲ ಬರ್ತದ, ನೊಣ ಬಾಯಾಗ ಹಿಡಿತದ, ಕೈಗಿ ಒಂದ ಜಗ್ಗು ಹತ್ತತದ, ಉಗುಳಿ ಹೋಗತದ. ಇಪ್ಪತ್ತ ವರ್ಷ ಆತು, ಹಿಂಗ ಆಡಾಕತ್ತು.”

“ಇಪ್ಪತ್ತು ವರ್ಷದಾಗ ಒಂದನ್ನೂ ಹಿಡಿದಿಲ್ಲ?”

“ಹಿಡದಿಲ್ಲ. ಕಳಕೊಂಡೂ ಇಲ್ಲ.”

ಆ ಮಾತು ಕೇಳಿ ನನಗಾದ ಸಮಾಧಾನವನ್ನು ಏನೆಂದು ಹೇಳಲಿ? ಸೋಲೆಂಬುದೇ ಇಲ್ಲದ ಆಟ. ಜಗತ್ತಿನಲ್ಲಿ ನನಗಾಗಿಯೇ ಮಾಡಿಟ್ಟ ಆಟ ಒಂದಿದ್ದರೆ ಇದೇ ಎಂದುಕೊಂಡೆ.

ಲಿಂಗಸುಗೂರು

ನೀಲಾ ಪಡಸಾಲೆಯಲ್ಲಿ ಕುಳಿತು ಪಾಟಿಯ ಮೇಲೆ ಬಲದಿಂದ ಎಡಕ್ಕೆ ಬರೆಯುತ್ತಿದ್ದಳು. ಇಲ್ಲಿಯ ಶಾಲೆಯಲ್ಲಿ ಉರ್ದು. ನನ್ನನ್ನು ನೋಡಿ ಎದ್ದು ನಿಂತಳು, ಕಾಲು ಮುಟ್ಟಿ ನಮಸ್ಕಾರ ಮಾಡಿದಳು, ನೀರು ತಂದು ಕೊಟ್ಟಳು. ಹೊಸ ಅತಿಥಿಗೆ ಮಾಡಬೇಕಾದದ್ದೆಲ್ಲ ಮಾಡಿದಳು. ಆಮೇಲೆ ಬಸಲಿಂಗಪ್ಪನ ಹೆಂಡತಿ ಶಾಂತವ್ವನ ಸೀರೆಯ ಮರೆಗೆ ಹೋದಳು.

ಎತ್ತರವಾಗಿದ್ದಾಳೆ. ಮೂಗು ಗೌರವ್ವನದು. ನಾನು ಶಾಲೆಯಲ್ಲಿ ದಿನಾ ಅರವತ್ತು ಮಕ್ಕಳನ್ನು ಮಾತಾಡಿಸುವವನು, ಈ ಒಬ್ಬಳನ್ನು ಏನು ಕೇಳಬೇಕೆಂದು ತಿಳಿಯದೆ, “ಮಗ್ಗಿ ಎಷ್ಟರವರೆಗೆ ಬರ್ತದ?” ಎಂದೆ. ಅವಳು ಹದಿನಾರರ ಮಗ್ಗಿಯನ್ನು ಒಂದೇ ಉಸಿರಿಗೆ ಒಪ್ಪಿಸಿ ಮತ್ತೆ ಒಳಗೆ ಓಡಿದಳು.

ಊಟದ ಹೊತ್ತಿಗೆ ಶಾಂತವ್ವ ನೇರವಾಗಿ ಕೇಳಿದಳು. “ಕರಕೊಂಡ ಹೋಗಾಕ ಬಂದೀರೇನ್ರೀ? ಬಂದಿದ್ರ ಅಕೀನ್ನ ಕೇಳ್ರಿ. ಅಕೀ ಹೂಂ ಅಂದ್ರ ನಾ ತಡಿಯಾಕಿಲ್ಲ. ಅತ್ತರೂ ಒಳಗ ಹೋಗಿ ಅಳ್ತೀನಿ.”

“ಕೇಳೋಣ. ಅವಸರ ಏನದ?” ಎಂದೆ.

ಒಂದು ದಿನ ಹೋಯಿತು, ಎರಡು ಹೋದವು. ಅವಳು ಹೂವಿನ ಗಿಡಕ್ಕೆ ನೀರು ಹಾಕುವಾಗ ಹತ್ತಿರ ಹೋಗಿ ನಿಂತು ಬಿಸಿಲಿನ ಮಾತಾಡಿ ಬಂದೆ. ಜಡೆ ಹಾಕಿಸಿಕೊಳ್ಳುವಾಗ ಹೋಗಿ ಹೆಣಿಗೆ ಚೆನ್ನಾಗಿದೆ ಎಂದೆ. ಒಲ್ಲೆ ಎಂದರೇನು ಗತಿ? ಕೇಳದೆ ಹೋದರೆ, ಕೇಳಿದ್ದರೆ ಬರುತ್ತಿದ್ದಳೇನೋ ಎಂದು ಊಹಿಸಿಕೊಂಡಾದರೂ ಬಳ್ಳಾರಿಯ ಆ ಖಾಲಿ ಕೋಣೆಯಲ್ಲಿ ಇರಬಹುದು. ನಾನು ಹೇಡಿ ಎಂಬುದು ನನಗೆ ಹೊಸ ಸುದ್ದಿಯಲ್ಲ. ಎಂಟು ವರ್ಷದ ಹುಡುಗಿಗೂ ಹೆದರುವಷ್ಟು ಹೇಡಿ ಎಂಬುದು ಆ ಮನೆಯಲ್ಲಿ ತಿಳಿಯಿತು.

ಜಲದುರ್ಗದ ಕೆಳಗೆ

ಮೂರನೆಯ ದಿನ ಬಸಲಿಂಗಪ್ಪ ಗಾಡಿ ಕಟ್ಟಿದ. ನೀಲಾ ತಾನೂ ಬರುವೆನೆಂದಳು. ಸಜ್ಜೆ ರೊಟ್ಟಿ, ಪುಂಡಿಪಲ್ಯ, ಮೊಸರಿನ ಗಡಿಗೆ ಕಟ್ಟಿಕೊಂಡು ಕೃಷ್ಣೆಗೆ ಹೋದೆವು. ಜಲದುರ್ಗದ ಹಳೆಯ ಕೋಟೆಯ ಕೆಳಗೆ ಹೊಳೆ ಸೀಳಿ ಬಂಡೆಗಳ ನಡುವೆ ನುಗ್ಗುತ್ತದೆ. ನಮ್ಮ ತುಂಗಭದ್ರೆ ಈ ತಿಂಗಳಲ್ಲಿ ಮಲಗಿದ ಎಮ್ಮೆಯಂತಿರುತ್ತದೆ. ಇದು ಇನ್ನೂ ಜಗಳ ಮುಗಿಸಿರಲಿಲ್ಲ. ನುಗ್ಗಿದ ನೀರು ಒಂದು ಕಡೆ ಮಡುವಾಗಿ ಹಸಿರಾಗಿ ನಿಂತಿತ್ತು. ಅಲ್ಲಿ ದೊಡ್ಡ ಹುರುಪೆಯ, ಬಂಗಾರದ ಬಣ್ಣದ ಮೀನುಗಳಿವೆ. ಸಾಹೇಬ ಅವಕ್ಕೆ ಮಹಶೀರ್ ಎನ್ನುತ್ತಿದ್ದನಂತೆ.

ಬಸಲಿಂಗಪ್ಪನ ಕೈಯಲ್ಲಿ ದಾರ ಹಿಂದಕ್ಕೆ ಹೋಗುವುದೂ ಮುಂದಕ್ಕೆ ಬರುವುದೂ ಉಯ್ಯಾಲೆ ತೂಗಿದ ಹಾಗೆ. ಮೂರನೆಯ ಸಲಕ್ಕೆ ಮಡುವಿನ ಮೇಲೆ ನೀರು ಉಬ್ಬಿತು. ಕೋಲು ಒಮ್ಮೆ ಬಾಗಿತು, ನೆಟ್ಟಗಾಯಿತು. ಉಗುಳಿ ಹೋಯಿತು. ಅವನು ನಕ್ಕು ನನಗೆ ಕೊಟ್ಟ. ಆ ದಿನ ನನಗೂ ಒಂದು ಜಗ್ಗು ಸಿಕ್ಕಿತು. ನೀಲಾ ಚಪ್ಪಾಳೆ ತಟ್ಟಿದಳು, ಆಮೇಲೆ ತಟ್ಟುವುದನ್ನು ನಿಲ್ಲಿಸಿ ಡಬ್ಬಿಯಲ್ಲಿದ್ದ ನೊಣಗಳನ್ನು ಒಂದೊಂದೇ ಎತ್ತಿ ನೋಡಿದಳು.

“ಮಾವಾ, ಇವಕ್ಕ ಮುಳ್ಳ ಯಾಕ ಇಲ್ಲ?”

“ಪಾಪ ಬರ್ತದವ್ವಾ.”

“ಹಂಗಾದ್ರ ಹೊಳಿಗಿ ಯಾಕ ಬರ್ತೀವಿ?”

ಬಸಲಿಂಗಪ್ಪ ರೊಟ್ಟಿಯ ಗಂಟು ಬಿಚ್ಚಿದ. ಮೂವರೂ ಉಂಡೆವು. ಆಮೇಲೆ ಅವನು ಕೈ ತೊಳೆದು ಬಂದು ಹೊಳೆಯ ಕಡೆಗೆ ಮುಖ ಮಾಡಿ ಕುಳಿತ.

“ಖರೇ ಹೇಳ್ತೀನಿ ಮಾಸ್ತರ್ರ. ಪಾಪದ ಮಾತು ಆಮ್ಯಾಲ ಬಂತು. ಮೊದಲ ಸಲ ಸಾಹೇಬ ಕೋಲ ಕೈಗಿ ಕೊಟ್ಟಾಗ ಇದ ಮಡುವಿನಾಗ ದೊಡ್ಡದೊಂದು ಹಿಡೀತು. ದಾರ ಎಂಥಾ ಓಟ ಓಡ್ತು ಅಂತೀರಿ! ನಾ ಅಂಜಿ ಕೋಲ ಒಗದು ದಂಡಿಗಿ ಓಡಿ ಬಂದೆ. ಗಣಿ ಮಂದಿ ಎಲ್ಲಾ ಬಿದ್ದ ಬಿದ್ದ ನಕ್ರು. ಆವತ್ತ ಇಕ್ಕಳ ತಗೊಂಡ ಎಲ್ಲಾದರ ಮೊನಿ ಮುರದೆ. ಧರ್ಮ ಅಂದೆ. ಧರ್ಮ ಅಂದ್ರ ಯಾರೂ ನಗಂಗಿಲ್ಲ ನೋಡ್ರಿ.”

ಅವನು ಡಬ್ಬಿಯ ಅಡಿಯಲ್ಲಿದ್ದ ಕಾಗದ ಸರಿಸಿದ. ಅಲ್ಲಿ ಸಾಹೇಬ ಕಟ್ಟಿದ್ದ ಒಂದು ನೊಣ ಇತ್ತು, ಮೊನೆ ಇದ್ದದ್ದು. ಇಪ್ಪತ್ತು ವರ್ಷ ಎಣ್ಣೆ ಹಚ್ಚಿ ತುಕ್ಕು ಹಿಡಿಯದಂತೆ ಇಟ್ಟಿದ್ದ. ಮುರಿಯಲೂ ಇಲ್ಲ, ನೀರಿಗೆ ಹಾಕಲೂ ಇಲ್ಲ.

“ಅಕೀ ಒಳ್ಳೆಯದಕ್ಕ ಅಂತ ನಾನೂ ಹೇಳಿದ್ದು ಅಂಜಿಕಿಯಿಂದ,” ಎಂದೆ. “ನಾಕಾದಾಗ ಗಂಟು ಯಾರೂ ಕಸಕೊಳ್ಳಲಿಲ್ಲ. ನಂದಲ್ಲ ಅಂತ ನಾನ ಬಿಟ್ಟು ಬಂದೆ.”

ಅವನು ಗೊತ್ತಿತ್ತು ಎನ್ನುವ ಹಾಗೆ ತಲೆ ಆಡಿಸಿದ. ನೊಣವನ್ನು ನಾನು ಎತ್ತಿಕೊಂಡು ದಾರಕ್ಕೆ ಕಟ್ಟಿದೆ. ಏಕೆ ಕಟ್ಟಿದೆನೆಂದು ಕೇಳಿದರೆ ಧೈರ್ಯ ಎನ್ನಲಾರೆ. ನನ್ನ ಬಗ್ಗೆ ನನಗೇ ಹೇಸಿಕೆ ಬಂದಿತ್ತು, ಅಷ್ಟೆ.

ಬಂಡೆಯ ಮೇಲೆ ನಿಂತು ಕೋಲೆತ್ತಿದೆ. ದಾರವನ್ನು ಹಿಂದಕ್ಕೆ ಬಿಟ್ಟೆ. ಹಿಂದೆ ಜಾಲಿ ಇದೆ, ಕೋಟೆಯ ಕಲ್ಲಿದೆ. ಇರಲಿ. ಒಂದು ಉಸಿರು ನಿಂತೆ. ದಾರ ತಾನಾಗಿ ತೂಕ ತೆಗೆದುಕೊಂಡದ್ದು ಅಂಗೈಗೆ ತಿಳಿಯಿತು. ಮುಂದಕ್ಕೆ ಹಾಕಿದೆ. ನೊಣ ಮಡುವಿನ ನಡುವೆ ಸದ್ದಿಲ್ಲದೆ ಇಳಿಯಿತು.

ನೀರು ಉಬ್ಬಲಿಲ್ಲ, ಒಡೆಯಿತು. ಈ ಸಲ ಜಗ್ಗಿದ್ದು ಬಿಡಲಿಲ್ಲ. ಕೋಲಿನ ಬುಡದ ಗಿರಕಿಯಿಂದ ದಾರ ಚೀರಿಕೊಂಡು ಓಡಿತು. ಬಸಲಿಂಗಪ್ಪ ನೀರಿಗೇ ಇಳಿದು ಕೂಗಿದ: “ಓಡ್ಲಿ ಬಿಡ್ರಿ! ಬಿಡ್ರಿ ದಾರಾ! ಹಿಡಕೊಬ್ಯಾಡ್ರಿ!” ಬಿಡಬೇಕೆಂದು ನನಗೂ ತಿಳಿದಿತ್ತು. ಆದರೆ ಹೋದೀತೆಂಬ ಹೆದರಿಕೆಗೆ ನನ್ನ ಬೆರಳುಗಳು ಗಿರಕಿಯನ್ನು ಬಿಗಿಯಾಗಿ ಅಪ್ಪಿಕೊಂಡವು. ಒಮ್ಮೆ ಅದರ ಬೆನ್ನು ಕಂಡಿತು, ಹಿತ್ತಾಳೆಯ ಹರಿವಾಣದಷ್ಟು ಅಗಲ. ದಾರ ಕಡಿಯಿತು.

ಅದು ಬಾಯಲ್ಲಿ ಮೊನೆ ಕಚ್ಚಿಕೊಂಡೇ ಹೋಯಿತು. ಧರ್ಮವೂ ಹೋಯಿತು, ಮೀನೂ ಹೋಯಿತು. ಬಸಲಿಂಗಪ್ಪ ಮೊಣಕಾಲವರೆಗಿನ ನೀರಿನಲ್ಲಿ ನಿಂತು ಇಷ್ಟಲಿಂಗವನ್ನು ಮುಟ್ಟಿಕೊಂಡ. ಅವನ ಕಣ್ಣಲ್ಲಿ ನೀರಿತ್ತು. “ಓಡಿ ಬರಲಿಲ್ಲ ನೀವು,” ಎಂದಷ್ಟೇ ಹೇಳಿದ. ನನಗೆ ಅದು ಸಮಾಧಾನವೆನಿಸಲಿಲ್ಲ. ಎರಡು ವರ್ಷದಿಂದ ನಾನು ಹೆದರುತ್ತಿದ್ದ ನಷ್ಟ ಹೇಗಿರುತ್ತದೆಂದು ಮಾತ್ರ ತಿಳಿಯಿತು. ಎದೆಯಲ್ಲಿ ಒಂದು ಕಲ್ಲು, ಅಷ್ಟೆ. ಅದನ್ನು ಹೊತ್ತುಕೊಂಡೂ ಮನುಷ್ಯ ನಿಂತಿರುತ್ತಾನೆ.

ನೀಲಾ ಬಂಡೆಯ ಮೇಲೆ ಮೊಣಕಾಲು ಕಟ್ಟಿಕೊಂಡು ಕುಳಿತಿದ್ದಳು. ಕೋಲು ಇನ್ನೂ ಕೈಯಲ್ಲಿರುವಾಗಲೇ ಹೋಗಿ ಅವಳ ಪಕ್ಕದಲ್ಲಿ ಕುಳಿತೆ. ಸ್ವಲ್ಪ ತಡೆದರೆ ಮತ್ತೆ ಬಿಸಿಲಿನ ಮಾತಾಡುತ್ತೇನೆಂದು ಗೊತ್ತಿತ್ತು.

“ನೀಲಾ, ನನ್ನ ಜೋಡಿ ಬಳ್ಳಾರಿಗೆ ಬರ್ತೀ ಏನು? ನಮ್ಮ ಮನೀಗೆ?”

ಅವಳು ನನ್ನ ಮುಖ ನೋಡಲಿಲ್ಲ. ನೀರು ನೋಡುತ್ತ ಕೇಳಿದಳು: “ನನಗ ಜಡ್ಡಾದ್ರ, ಡಾಕ್ಟರ್ ಬಂದು ಕೊಯ್ಯಬೇಕು ಅಂದ್ರ, ನೀ ಹೂಂ ಅಂತೀ ಏನು?”

ಗೌರವ್ವ ಬೇನೆಯಿಂದ ಮಲಗಿದ್ದ ಆ ಮೂರು ದಿನ ಅವಳು ಬಾಗಿಲ ಹಿಂದೆ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಮಕ್ಕಳಿಗೆ ಏನು ತಿಳಿಯುತ್ತದೆ ಎಂದು ನಾವು ಅಂದುಕೊಂಡಿರುತ್ತೇವೆ. ನೀಲಾಳನ್ನೇ ಮೇಜಿನ ಮೇಲೆ ಮಲಗಿಸಿದ ಹಾಗೆ, ಬಿಳಿಯ ಬಟ್ಟೆ, ಕತ್ತರಿ, ಎಲ್ಲ ಕಣ್ಣಿಗೆ ಕಟ್ಟಿತು. ಬಾಯಿ ತೆರೆದೆ, ಮುಚ್ಚಿದೆ.

“ಹೂಂ ಅಂತೀನಿ,” ಎಂದೆ.

“ಈಗ ಎಷ್ಟೊತ್ತು ತಗೊಂಡಿ ನೋಡು,” ಎಂದು ಎದ್ದು ಗಾಡಿಯ ಕಡೆಗೆ ನಡೆದಳು.

ಮರಳಿ

ಒಬ್ಬನೇ ಬಂದೆ. ಹೊರಡುವಾಗ ಶಾಂತವ್ವ ರೊಟ್ಟಿ ಕಟ್ಟಿಕೊಟ್ಟು ಒಳಗೆ ಹೋದಳು. ಅತ್ತದ್ದು ದುಃಖಕ್ಕೋ ಸಂತೋಷಕ್ಕೋ ಅವಳಿಗೂ ತಿಳಿದಿರಲಿಕ್ಕಿಲ್ಲ. ನೀಲಾ ಹೊಸ್ತಿಲವರೆಗೆ ಬಂದು ಕಾಲು ಮುಟ್ಟಿದಳು. ಮೋಟಾರಿನ ಹೊಗೆಯಲ್ಲಿ ಮಸ್ಕಿ ಹೋಯಿತು, ಸಿಂಧನೂರು ಹೋಯಿತು. ನನಗೆ ಏನೂ ಕಾಣಲಿಲ್ಲ. ಪ್ರವಾಸದಿಂದ ಮನುಷ್ಯ ಉಲ್ಲಾಸಗೊಂಡು ಮರಳುತ್ತಾನೆಂದು ಶಾಲೆಯ ಪಾಠದಲ್ಲಿ ಬರುತ್ತದೆ. ಅದನ್ನು ಈ ವರ್ಷ ನಾನು ಪಾಠ ಮಾಡಲಾರೆ.

ಯುಗಾದಿಗೆ ರಜೆ ಇದೆ. ಮತ್ತೆ ಹೊಳೆ ದಾಟಿ ನೀಲಾಳನ್ನು ಕೇಳುವವನಿದ್ದೇನೆ. ಅವಳು ಒಲ್ಲೆ ಎನ್ನುತ್ತಾಳೆ, ನನಗೆ ಸಂಶಯವಿಲ್ಲ. ಅದನ್ನು ಅವಳ ಬಾಯಿಂದ ಕೇಳಲು ಹೋಗುತ್ತೇನೆ, ಶ್ರಾವಣದಲ್ಲಿ ಇನ್ನೊಮ್ಮೆ ಹೋಗುತ್ತೇನೆ.